ಫೋಲ್ಡರಿನಲ್ಲಿ ಇದೆ, ಲಿಂಕರ್‌ಗೆ ಮಾತ್ರ ಸಿಗಲ್ಲ: ಡಾಟ್ ಎ ಮತ್ತು ಡಾಟ್ ಎಸ್‌ಒ ಬೆರೆಸಿದಾಗಿನ ದೋಷಗಳು

"ಅಣ್ಣಾ, ಲೈಬ್ರರಿ ಇಲ್ಲೇ ಐತ್ರಿ. ಎಲ್‌ಎಸ್ ಹೊಡದ್ರ ಕಾಣತೈತಿ. ಆದ್ರೂ ಲಿಂಕರ್ ಇಲ್ಲ ಅಂತೈತಿ."

ಶುಕ್ರವಾರ ಸಂಜೆ ಏಳು ಗಂಟೆ. ನಾನು ಪುಣೆಯ ವಾಕಡ್ ಬ್ರಿಜ್ ಹತ್ತಿರ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಹುಡುಗ ಇನ್ನೂ ಹಿಂಜವಡಿಯ ಆಫೀಸಿನಲ್ಲೇ ಕೂತಿದ್ದ. ವಿಜಯಪುರದವನು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಸೋಮವಾರ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಮ್ಮ ಪ್ರೋಗ್ರಾಂ ಓಡಬೇಕಿತ್ತು. ಎಂಜಿನ್ ಟೆಸ್ಟ್ ನಡೆಯುವಾಗ ಕ್ಯಾನ್ ಬಸ್ಸಿನಿಂದ (ವಾಹನದ ಎಲೆಕ್ಟ್ರಾನಿಕ್ ಭಾಗಗಳು ಮಾತಾಡಿಕೊಳ್ಳುವ ತಂತಿ) ಬರುವ ಸಂದೇಶಗಳನ್ನು ಫೈಲಿಗೆ ಬರೆದಿಡುವ ಪ್ರೋಗ್ರಾಂ ಅದು.

ಅದರಲ್ಲಿ ಮೂರು ತುಂಡುಗಳಿವೆ. ಸಿ++ ನಲ್ಲಿ ಬರೆದ ಮುಖ್ಯ ಪ್ರೋಗ್ರಾಂ, ಹೆಸರು ಲಾಗರ್. ಫೈಲಿಗೆ ಬರೆಯುವ ಕೆಲಸಕ್ಕೆ ನಮ್ಮದೇ ಶೇರ್ಡ್ ಲೈಬ್ರರಿ (ಪ್ರೋಗ್ರಾಂ ಓಡುವಾಗ ಹೊರಗಿನಿಂದ ಬಂದು ಸೇರುವಂಥದ್ದು), ಲಿಬ್‌ರೆಕಾರ್ಡ್.ಎಸ್‌ಒ. ಕ್ಯಾನ್ ಕಾರ್ಡ್ ಮಾರಿದವರು ಕೊಟ್ಟ ಸ್ಟ್ಯಾಟಿಕ್ ಲೈಬ್ರರಿ (ಕಟ್ಟುವಾಗಲೇ ಒಳಗೆ ಸೇರಿಬಿಡುವಂಥದ್ದು), ಲಿಬ್‌ಕ್ಯಾನ್.ಎ. ಇದು ಸಿ ಭಾಷೆಯಲ್ಲಿ ಬರೆದದ್ದು, ಸೋರ್ಸ್ ನಮ್ಮ ಕೈಗೆ ಬಂದಿಲ್ಲ. ಈ ಮೂರನ್ನು ಸೇರಿಸಿ ಒಂದು ಮಾಡುವ ಕೆಲಸ ಲಿಂಕರ್‌ದು. ಸೇರಿಸುವಾಗ ಎದ್ದ ತಪ್ಪುಗಳನ್ನು ಎದ್ದ ಕ್ರಮದಲ್ಲೇ ಬರೆಯುತ್ತೇನೆ. ಮುಕ್ಕಾಲು ಭಾಗ ಫೋನಿನಲ್ಲೇ ಹೇಳಿದ್ದು. ಅದಕ್ಕೇ ಕಮಾಂಡ್‌ಗಳೂ ಬಾಯಲ್ಲಿ ಹೇಳಿದ ಹಾಗೇ ಇವೆ.

ಮೊದಲು ಯಾರು ಬಯ್ಯುತ್ತಿದ್ದಾರೆ ನೋಡಿ

ಹುಡುಗ ಮೊದಲು ನನಗೆ ಓದಿ ಹೇಳಿದ್ದು ಕೊನೆಯ ಸಾಲು: "ಕಲೆಕ್ಟ್2: ಎರರ್: ಎಲ್‌ಡಿ ರಿಟರ್ನ್ಡ್ 1 ಎಗ್ಸಿಟ್ ಸ್ಟೇಟಸ್". ಎಲ್ಲರೂ ಅದನ್ನೇ ಓದುತ್ತಾರೆ. ಅದರಲ್ಲಿ ಹುರುಳಿಲ್ಲ. ಲಿಂಕರ್ ಸೋತಿತು ಅಂತ ಕಂಪೈಲರ್ ಹೇಳುವ ಮಾತು ಅಷ್ಟೆ. ಮೇಲಕ್ಕೆ ಹೋಗಿ ಮೊದಲ ತಪ್ಪು ಓದು ಅಂದೆ. ಅಲ್ಲಿತ್ತು: "ಅನ್‌ಡಿಫೈನ್ಡ್ ರೆಫರೆನ್ಸ್ ಟು ಕ್ಯಾನ್_ಓಪನ್". ಅಂಥವು 14 ಸಾಲು.

"ಅಣ್ಣಾ, ದೊಡ್ಡ ಎಲ್ ಹಾಕಿ ಪಾತ್ ಕೊಟ್ಟೀನ್ರಿ. ಎರಡ ಸಲ ಕೊಟ್ಟೀನಿ."

ದೊಡ್ಡ ಎಲ್ ಅಂದರೆ ಲೈಬ್ರರಿ ಯಾವ ಫೋಲ್ಡರಿನಲ್ಲಿ ಇದೆ ಅಂತ ಹೇಳುವ ಫ್ಲ್ಯಾಗ್. ಎರಡು ಸಲ ಕೊಟ್ಟರೂ ಅಷ್ಟೆ, ಹತ್ತು ಸಲ ಕೊಟ್ಟರೂ ಅಷ್ಟೆ. ಲೈಬ್ರರಿ ಫೈಲೇ ಸಿಗದಿದ್ದರೆ ಲಿಂಕರ್ "ಕೆನಾಟ್ ಫೈಂಡ್ -ಎಲ್‌ಕ್ಯಾನ್" ಅನ್ನುತ್ತದೆ. ಆಗ ಪಾತ್ ನೋಡಬೇಕು. "ಅನ್‌ಡಿಫೈನ್ಡ್ ರೆಫರೆನ್ಸ್" ಅಂದರೆ ವಿಷಯ ಬೇರೆ. ಯಾವುದೋ ಫೈಲ್ ಒಂದು ಹೆಸರು ಕೇಳಿದೆ, ಅದನ್ನು ಕೊಡುವವರು ಲಿಂಕರ್ ಕಣ್ಣಿಗೆ ಬಿದ್ದಿಲ್ಲ. ಫೈಲ್ ಕಣ್ಣ ಮುಂದೆಯೇ ಇರಬಹುದು. ಪ್ರೋಗ್ರಾಂ ಓಡಿಸಿದಾಗ ಬರುವ "ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್" ಮೂರನೇ ಜಾತಿ. ಅದಕ್ಕೂ ಲಿಂಕರ್‌ಗೂ ಸಂಬಂಧವಿಲ್ಲ, ಅದು ಪ್ರೋಗ್ರಾಮನ್ನು ಮೆಮೊರಿಗೆ ಇಳಿಸುವ ಲೋಡರ್ ಮಾತು. ಇವು ಮೂರನ್ನೂ ಒಂದೇ ಅಂದುಕೊಂಡು ಸಿಕ್ಕ ಸಿಕ್ಕ ಫ್ಲ್ಯಾಗ್ ಹಾಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಹಾಗಾಗಿ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಈ ಹೆಸರು ಯಾವ ಫೈಲಿಗೆ ಬೇಕು? ಯಾವ ಫೈಲಿನಲ್ಲಿ ಇದೆ? ಎರಡಕ್ಕೂ ಉತ್ತರ ಹೇಳುವುದು ಎನ್‌ಎಂ ಅನ್ನುವ ಪುಟ್ಟ ಕಮಾಂಡ್.

ಎನ್‌ಎಂ ಲಿಬ್‌ಕ್ಯಾನ್.ಎ | ಗ್ರೆಪ್ ಕ್ಯಾನ್_ಓಪನ್

ಹೆಸರಿನ ಎಡಕ್ಕೆ ದೊಡ್ಡ ಟಿ ಇದ್ದರೆ ಆ ಫಂಕ್ಷನ್ ಅಲ್ಲೇ ಇದೆ. ದೊಡ್ಡ ಯು ಇದ್ದರೆ ಅದೂ ಬೇರೆಯವರ ಹತ್ತಿರ ಕೇಳುತ್ತಿದೆ. ಸಣ್ಣ ಟಿ ಇದ್ದರೆ ಇದೆ, ಆದರೆ ಮನೆಯೊಳಗಿನ ಬಳಕೆಗೆ ಮಾತ್ರ, ಹೊರಗಿನವರಿಗೆ ಕೊಡಲ್ಲ. ಶೇರ್ಡ್ ಲೈಬ್ರರಿಯಾದರೆ ಎನ್‌ಎಂ ಜೊತೆಗೆ ಮೈನಸ್ ದೊಡ್ಡ ಡಿ ಹಾಕಬೇಕು. ಸ್ಟ್ರಿಪ್ ಮಾಡಿದ (ಹೆಸರಿನ ಪಟ್ಟಿ ಕಿತ್ತುಹಾಕಿದ) .ಎಸ್‌ಒ ಮೇಲೆ ಬರೀ ಎನ್‌ಎಂ ಓಡಿಸಿದರೆ "ನೋ ಸಿಂಬಲ್ಸ್" ಅಂತ ಬರುತ್ತದೆ. ಅದನ್ನು ನೋಡಿ ಲೈಬ್ರರಿಯೇ ಖಾಲಿ ಅಂದುಕೊಂಡವರನ್ನು ಕಂಡಿದ್ದೇನೆ.

ಹುಡುಗ ಹೊಡೆದ. ದೊಡ್ಡ ಟಿ. "ಐತ್ರಿ ಅಣ್ಣಾ!"

ಮಂಡಈಯಲ್ಲಿ ಒಂದೇ ಸುತ್ತು

ಇದೆ ಅಂದ ಮೇಲೆ ಯಾಕೆ ಸಿಗಲಿಲ್ಲ? ಲಿಂಕ್ ಸಾಲು ಓದು ಅಂದೆ.

ಜಿ++ -ನೋ-ಪೈ -ಎಲ್‌ಕ್ಯಾನ್ ಮೇನ್.ಒ -ಎಲ್‌ರೆಕಾರ್ಡ್ -ಒ ಲಾಗರ್

ರೋಗ ಇಲ್ಲೇ ಇದೆ. ಲಿಂಕರ್ ಎಡದಿಂದ ಬಲಕ್ಕೆ ನಡೆಯುತ್ತದೆ. ಪುಣೆಯ ಮಂಡಈಗೆ, ಅಂದರೆ ತರಕಾರಿ ಮಾರುಕಟ್ಟೆಗೆ, ಚೀಟಿ ಹಿಡಿದು ಹೋದವರ ಹಾಗೆ, ಆದರೆ ಒಂದೇ ಸುತ್ತು. ಮುಂದಕ್ಕೆ ಹೋದ ಮೇಲೆ ಹಿಂದಿನ ಅಂಗಡಿಗೆ ತಿರುಗಿ ಬರಲ್ಲ. ಚೀಟಿಗೆ ಹೆಸರು ಸೇರುವುದು ಆಬ್ಜೆಕ್ಟ್ ಫೈಲುಗಳಿಂದ, ಅಂದರೆ ಕಂಪೈಲ್ ಆಗಿ ಬಂದ .ಒ ಫೈಲುಗಳಿಂದ. ನಮ್ಮ ಸಾಲಿನಲ್ಲಿ ಮೊದಲ ಅಂಗಡಿಯೇ ಲಿಬ್‌ಕ್ಯಾನ್. ಅಲ್ಲಿಗೆ ಬಂದಾಗ ಚೀಟಿಯಲ್ಲಿ ಲಿಬ್‌ಕ್ಯಾನ್‌ನಿಂದ ಕೊಳ್ಳುವಂಥದ್ದು ಏನೂ ಬರೆದಿಲ್ಲ. ಹಾಗಾಗಿ ಏನೂ ಕೊಳ್ಳದೆ ಮುಂದೆ ಹೋಯಿತು. ಆಮೇಲೆ ಮೇನ್.ಒ ಬಂತು, ಚೀಟಿ ತುಂಬಿತು. ಅಷ್ಟು ಹೊತ್ತಿಗೆ ಆ ಅಂಗಡಿ ದಾಟಿ ಆಗಿತ್ತು.

ಇನ್ನೊಂದು ವಿಷಯ ಇದರ ಜೊತೆಗೇ ಹೇಳಬೇಕು. .ಎ ಫೈಲ್ ಅಂದರೆ ಎಆರ್ ಕಮಾಂಡ್ ಕಟ್ಟಿಟ್ಟ .ಒ ಫೈಲುಗಳ ಮೂಟೆ. ಲಿಂಕರ್ ಅದರಿಂದ ಇಡೀ .ಒ ಎತ್ತಿಕೊಳ್ಳುತ್ತದೆ, ಒಂದೊಂದೇ ಫಂಕ್ಷನ್ ಅಲ್ಲ. ನಾಲ್ಕು ಎಳೆ ಕೊತ್ತಂಬರಿ ಬೇಕಿದ್ದರೂ ಇಡೀ ಸಿವುಡು ತರಬೇಕು, ಅಲ್ವಾ? ಹಾಗೆ. ಚೀಟಿಯಲ್ಲಿ ಹೆಸರಿಲ್ಲದ .ಒ ಬರುವುದೇ ಇಲ್ಲ. ಇದು ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿರಲಿ.

ಶೇರ್ಡ್ ಲೈಬ್ರರಿಗೆ ಕ್ರಮದ ಹಂಗಿಲ್ಲ ಅಂತ ಹಳಬರು ಹೇಳುತ್ತಾರೆ. ಒಂದು ಕಾಲಕ್ಕೆ ನಿಜ. ಉಬುಂಟು ಲಿನಕ್ಸ್ 11.10 ರಿಂದ "-ಆಸ್-ನೀಡೆಡ್" ತಾನಾಗಿಯೇ ಚಾಲೂ ಇರುತ್ತದೆ. ಬೇಕು ಅನ್ನುವ ಮೊದಲೇ ಸಾಲಿನಲ್ಲಿ ಬಂದ .ಎಸ್‌ಒ ಕೂಡ ಬಿಟ್ಟುಹೋಗುತ್ತದೆ. ಹಾಗಾಗಿ ಎರಡಕ್ಕೂ ಒಂದೇ ನಿಯಮ: ಕೇಳುವವರು ಎಡಕ್ಕೆ, ಕೊಡುವವರು ಬಲಕ್ಕೆ.

ಜಿ++ -ನೋ-ಪೈ ಮೇನ್.ಒ -ಎಲ್‌ರೆಕಾರ್ಡ್ -ಎಲ್‌ಕ್ಯಾನ್ -ಒ ಲಾಗರ್

ಎರಡು ಸ್ಟ್ಯಾಟಿಕ್ ಲೈಬ್ರರಿ ಒಂದಕ್ಕೊಂದು ಕೇಳುತ್ತಿದ್ದರೆ ಯಾವ ಕ್ರಮ ಇಟ್ಟರೂ ಸಾಲದು. ಆಗ ಎರಡನ್ನೂ "ಸ್ಟಾರ್ಟ್-ಗ್ರೂಪ್" ಮತ್ತು "ಎಂಡ್-ಗ್ರೂಪ್" ನಡುವೆ ಇಟ್ಟರೆ, ಹೊಸ ಹೆಸರು ಸಿಗುವುದು ನಿಲ್ಲುವ ತನಕ ಲಿಂಕರ್ ಅಲ್ಲೇ ಸುತ್ತುತ್ತದೆ. ಒಂದನ್ನು ಎರಡು ಸಲ ಬರೆದರೂ ಸಾಮಾನ್ಯವಾಗಿ ನಡೆಯುತ್ತದೆ. ನನಗೆ ಬರೆಯುವುದೇ ಇಷ್ಟ, ಓದಿದವರಿಗೆ ಯಾರಿಗೆ ಯಾರು ಬೇಕು ಅಂತ ತಿಳಿಯುತ್ತದೆ. ಎಲ್‌ಎಲ್‌ಡಿ, ಮೋಲ್ಡ್ ಥರದ ಹೊಸ ಲಿಂಕರ್‌ಗಳು ದಾಟಿ ಬಂದ .ಎ ಒಳಗಿನ ಹೆಸರುಗಳನ್ನೂ ನೆನಪಿಟ್ಟುಕೊಳ್ಳುತ್ತವೆ. "ನನ್ನ ಮಷೀನಿನಲ್ಲಿ ಆಗುತ್ತೆ, ನಿಮ್ಮದರಲ್ಲಿ ಯಾಕಿಲ್ಲ" ಅನ್ನುವ ಜಗಳಕ್ಕೆ ಎಷ್ಟೋ ಸಲ ಇದೇ ಕಾರಣ.

ಆವರಣ ಚಿಹ್ನೆ ಇದೆಯಾ?

14 ಸಾಲು ಒಂದಕ್ಕೆ ಇಳಿಯಿತು. ಬಸ್ ಬಂತು, ಹತ್ತಿ ಕೂತೆ. ಉಳಿದ ಸಾಲು ಹೀಗಿತ್ತು: "ಅನ್‌ಡಿಫೈನ್ಡ್ ರೆಫರೆನ್ಸ್ ಟು ಕ್ಯಾನ್_ಸ್ಟ್ಯಾಂಪ್(ಇಂಟ್)".

ಮೊದಲಿನ 14 ರಲ್ಲಿ 13 ಕ್ಕೆ ಆವರಣ ಇರಲಿಲ್ಲ. ಇದಕ್ಕೆ ಇದೆ. ಲಿಂಕರ್ ಹೆಸರಿನ ಜೊತೆ ಆವರಣದಲ್ಲಿ ಇಂಟ್ ಅಂತ ತೋರಿಸಿದರೆ, ಕೇಳುವ ಕಡೆಯವರು ಅದನ್ನು ಸಿ++ ಫಂಕ್ಷನ್ ಅಂದುಕೊಂಡಿದ್ದಾರೆ ಅಂತ ಅರ್ಥ. ಸಿ++ ಕಂಪೈಲರ್ ಹೆಸರಿಗೆ ಆರ್ಗ್ಯುಮೆಂಟ್‌ಗಳ ಜಾತಿಯನ್ನೂ ಅಂಟಿಸುತ್ತದೆ. ಒಳಗೆ ಅದು "_ಝಡ್9ಕ್ಯಾನ್_ಸ್ಟ್ಯಾಂಪ್ಐ" ಥರ ಆಗಿರುತ್ತದೆ. 9 ಅಂದರೆ ಇಂಗ್ಲಿಷಿನಲ್ಲಿ ಆ ಹೆಸರಿನ ಅಕ್ಷರಗಳ ಲೆಕ್ಕ. ಲೈಬ್ರರಿ ಸಿ ಭಾಷೆಯದು, ಅದರಲ್ಲಿರುವುದು ಬರೀ ಕ್ಯಾನ್_ಸ್ಟ್ಯಾಂಪ್. ನಮಗೆ ಒಂದೇ ಹೆಸರಾಗಿ ಕಾಣುವುದು ಲಿಂಕರ್‌ಗೆ ಎರಡು ಬೇರೆ ಹೆಸರು.

ಇದು ಸಿ ಹೆಸರು, ಏನೂ ಅಂಟಿಸಬೇಡ ಅಂತ ಸಿ++ ಕಂಪೈಲರ್‌ಗೆ ಹೇಳುವುದು "ಎಕ್ಸ್‌ಟರ್ನ್ ಸಿ". ಕಾರ್ಡಿನವರ ಮುಖ್ಯ ಹೆಡರಿನಲ್ಲಿ ಅದು ಸರಿಯಾಗಿತ್ತು. ಸಮಯದ ಫಂಕ್ಷನ್ ಇದ್ದ ಪುಟ್ಟ ಹೆಡರಿನಲ್ಲಿ ಮರೆತಿದ್ದರು. ಅವರ ಫೈಲ್ ಮುಟ್ಟಬೇಡ, ನಮ್ಮ ಮೇನ್‌ನಲ್ಲಿ ಇನ್‌ಕ್ಲೂಡ್ ಸಾಲನ್ನೇ ಎಕ್ಸ್‌ಟರ್ನ್ ಸಿ ಒಳಗೆ ಇಡು ಅಂದೆ. ಅವರು ಹೊಸ ಆವೃತ್ತಿ ಕಳಿಸಿದಾಗ ನಾವು ತಿದ್ದಿದ್ದು ಅಳಿಸಿಹೋಗಬಾರದಲ್ಲ. ಲಾಗರ್ ಲಿಂಕ್ ಆಯಿತು.

ಎರಡೂ ಕಡೆ ಸಿ++ ಇದ್ದು, ಕೇಳುವ ಹೆಸರಿನಲ್ಲಿ ಮಾತ್ರ "ಸಿಎಕ್ಸ್‌ಎಕ್ಸ್11" ಅನ್ನುವ ತುಂಡು ಕಂಡರೆ ಅದು ಬೇರೆ ಕಥೆ. 2015 ರಲ್ಲಿ ಬಂದ ಜಿಸಿಸಿ 5 ಸ್ಟ್ರಿಂಗ್ ಮತ್ತು ಲಿಸ್ಟ್‌ನ ಒಳರಚನೆ ಬದಲಿಸಿತು. ಹಳೆ ರಚನೆಯಲ್ಲಿ ಕಟ್ಟಿದ ಲೈಬ್ರರಿ ನಿಮ್ಮ ಹತ್ತಿರ ಇದ್ದರೆ ನಿಮ್ಮ ಕೋಡನ್ನೂ ಹಳೆ ರಚನೆಯಲ್ಲೇ ಕಟ್ಟಬೇಕು, ಇಲ್ಲವೇ ಹೊಸ ಲೈಬ್ರರಿ ಕೇಳಿ ಪಡೆಯಬೇಕು. ಅಂತೂ ಎರಡೂ ಕಡೆ ಒಂದೇ ಇರಬೇಕು.

ಪಿಕ್ ಅಂದರೆ ಫೋಟೋ ಅಲ್ಲ

ಹುಡುಗನಿಗೆ ಹುರುಪು ಬಂತು. ಬಾಕಿ ಇದ್ದ ಇನ್ನೊಂದು ಬದಲಾವಣೆಯನ್ನೂ ಈಗಲೇ ಹಾಕುತ್ತೇನೆ ಅಂದ. ಲಿಬ್‌ರೆಕಾರ್ಡ್ ಕೂಡ ಕಾರ್ಡಿನಿಂದ ನೇರ ಸಮಯ ಓದಬೇಕು. ಅಂದರೆ ಲಿಬ್‌ಕ್ಯಾನ್.ಎ ಈಗ ಒಂದು .ಎಸ್‌ಒ ಒಳಗೆ ಹೋಗಬೇಕು. ಬಸ್ ಖೇಡ್ ಶಿವಾಪುರದ ಟೋಲ್ ದಾಟುವಾಗ ಫೋನ್ ಬಂತು.

"ರೀಲೊಕೇಷನ್ ಆರ್_ಎಕ್ಸ್86_64_32 ... ಕೆನಾಟ್ ಬಿ ಯೂಸ್ಡ್ ವೆನ್ ಮೇಕಿಂಗ್ ಎ ಶೇರ್ಡ್ ಆಬ್ಜೆಕ್ಟ್; ರೀಕಂಪೈಲ್ ವಿತ್ -ಎಫ್‌ಪಿಕ್."

"ಅಣ್ಣಾ, ಎಫ್‌ಪಿಕ್ ಹಾಕೀನ್ರಿ ಲಿಂಕ್ ಸಾಲಿನ್ಯಾಗ. ಆಗವಲ್ದು."

ಅಲ್ಲಿ ಹಾಕಿದರೆ ಏನೂ ಆಗಲ್ಲ. ಎಫ್‌ಪಿಕ್ ಬೇಕಾಗುವುದು ಕಂಪೈಲ್ ಮಾಡುವಾಗ. ಶೇರ್ಡ್ ಲೈಬ್ರರಿಯನ್ನು ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಇಳಿಸಬಹುದು. ಹಾಗಾಗಿ ಅದರೊಳಗಿನ ಕೋಡ್ "ನಾನು ಇರುವ ಕಡೆಯಿಂದ ಇಷ್ಟು ದೂರ" ಅಂತ ವಿಳಾಸ ಹೇಳಬೇಕು. ಸುಮ್ನೆ ಕಟ್ಟಿದ .ಒ ಫೈಲ್ "ಇಂಥ ನಂಬರಿನ ಮನೆ" ಅಂತ 32 ಬಿಟ್‌ನಲ್ಲಿ ಕೆತ್ತಿಬಿಟ್ಟಿರುತ್ತದೆ. ಕೆತ್ತಿದ್ದನ್ನು ಲಿಂಕರ್ ಆಮೇಲೆ ತಿದ್ದಲಾರದು. .ಎ ಒಳಗಿನ ಪ್ರತಿಯೊಂದು .ಒ ಕೂಡ ಎಫ್‌ಪಿಕ್ ಜೊತೆ ಹುಟ್ಟಿರಬೇಕು. ನಮ್ಮ ಫೈಲುಗಳಿಗೆ ಮಾತ್ರ ಹಾಕಿದರೆ ಸಾಲದು.

ಹಾಗಾದರೆ ಅದೇ ಲೈಬ್ರರಿ ಲಾಗರ್ ಜೊತೆ ಹೇಗೆ ಸೇರಿತು? ಅದಕ್ಕೆ ಆ -ನೋ-ಪೈ ಕಾರಣ. ಯಾರೋ ವರ್ಷಗಳ ಹಿಂದೆ ನಮ್ಮ ಮೇಕ್‌ಫೈಲಿಗೆ ಹಾಕಿ ಹೋಗಿದ್ದರು, ಯಾಕೆ ಅಂತ ಬರೆದಿರಲಿಲ್ಲ. ಉಬುಂಟು 16.10 ಮತ್ತು ಡೆಬಿಯನ್ 9 ರಿಂದ ಮುಖ್ಯ ಪ್ರೋಗ್ರಾಮುಗಳೂ ಎಲ್ಲಿ ಬೇಕಾದರೂ ಇಳಿಯುವ ಹಾಗೆ ಕಟ್ಟುವುದೇ ರೂಢಿಯಾಯಿತು. ಅದಕ್ಕೆ ಪೈ ಅನ್ನುತ್ತಾರೆ. ಆ ಫ್ಲ್ಯಾಗ್ ಇಲ್ಲದಿದ್ದರೆ ಲಾಗರ್ ಕೂಡ ಇದೇ ತಪ್ಪು ಕೊಡುತ್ತಿತ್ತು, "ಶೇರ್ಡ್ ಆಬ್ಜೆಕ್ಟ್" ಬದಲು "ಪೈ ಆಬ್ಜೆಕ್ಟ್" ಅಂತ. -ನೋ-ಪೈ ತಾತ್ಕಾಲಿಕ ತೇಪೆ ಮಾತ್ರ, .ಎಸ್‌ಒ ಗೆ ಆ ತೇಪೆಯೂ ಇಲ್ಲ.

ಸೋರ್ಸ್ ನಮ್ಮದಾಗಿದ್ದರೆ ಎರಡು ನಿಮಿಷದ ಕೆಲಸ. ಸಿಮೇಕ್ ಬಳಸುವವರು ಆ ಸ್ಟ್ಯಾಟಿಕ್ ಲೈಬ್ರರಿಗೆ "ಪೊಸಿಷನ್_ಇಂಡಿಪೆಂಡೆಂಟ್_ಕೋಡ್ ಆನ್" ಅಂದರೆ ಮುಗಿಯಿತು. ಸೋರ್ಸ್ ಇಲ್ಲದವರು ಕೇಳಿ ಪಡೆಯಬೇಕು. ಕಾರ್ಡಿನವರಿಗೆ ಮೇಲ್ ಹಾಕು, ಪಿಕ್ ಬಿಲ್ಡ್ ಬೇಕು ಅಂತ ಬರಿ ಅಂದೆ. ಆ ಕಡೆಯಿಂದ ಸದ್ದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣಾ, ಅವರು ಕೊಟ್ಟ ಜಿಪ್‌ನ್ಯಾಗ 'ಪಿಕ್' ಅಂತ ಒಂದ್ ಫೋಲ್ಡರ್ ಐತ್ರಿ. ನಾ ಕಾರ್ಡಿನ ಫೋಟೋ ಇರ್ಬೇಕಂತ ತೆಗದ ನೋಡಿಲ್ಲ."

ಒಳಗೆ ಲಿಬ್‌ಕ್ಯಾನ್_ಪಿಕ್.ಎ ಇತ್ತು. ನಾನು ನಗುವಷ್ಟರಲ್ಲಿ ಬಸ್ ಖಂಬಾಟಕಿ ಘಾಟ್ ಏರತೊಡಗಿತು, ಸಿಗ್ನಲ್ ಹೋಯಿತು.

ತಪ್ಪೇ ಬರದ ತಪ್ಪು

ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಸಂದೇಶ ಬಂತು. ಎಲ್ಲ ಬಿಲ್ಡ್ ಆಗಿದೆ, ಒಂದೂ ಎರರ್ ಇಲ್ಲ, ಓಡುತ್ತಿದೆ. ಆದರೆ ಫೈಲಿನಲ್ಲಿ ಸಮಯದ ಕಾಲಂ ಪೂರ್ತಿ ಸೊನ್ನೆ.

ಈ ಇಡೀ ಕಥೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಇದೊಂದೇ. ಉಳಿದ ತಪ್ಪುಗಳು ಬಾಗಿಲಲ್ಲೇ ಕೂಗುತ್ತವೆ. ಇದು ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ.

ಲಾಗರ್ ಒಳಗೆ ಲಿಬ್‌ಕ್ಯಾನ್‌ನ ಒಂದು ನಕಲು ಇದೆ. ಲಿಬ್‌ರೆಕಾರ್ಡ್ ಒಳಗೆ ಇನ್ನೊಂದು. ಲಾಗರ್ ಕಾರ್ಡ್ ತೆರೆದಾಗ "ಕಾರ್ಡ್ ತೆರೆದಿದೆ" ಅನ್ನುವ ಗುರುತು ಮೊದಲ ನಕಲಿನ ಗ್ಲೋಬಲ್ ವೇರಿಯಬಲ್‌ನಲ್ಲಿ ಕೂತಿತು. ಲಿಬ್‌ರೆಕಾರ್ಡ್ ಸಮಯ ಕೇಳಿದ್ದು ಎರಡನೇ ನಕಲನ್ನು. ಅದರ ಲೆಕ್ಕದಲ್ಲಿ ಕಾರ್ಡನ್ನು ಯಾರೂ ತೆರೆದೇ ಇಲ್ಲ. ಸೊನ್ನೆ ಕೊಟ್ಟಿತು. ಒಂದೇ ಮನೆಗೆ ಎರಡು ಕಿರಾಣಿ ಪುಸ್ತಕ ಇಟ್ಟು, ಒಂದರಲ್ಲಿ ಬರೆದು ಇನ್ನೊಂದರಲ್ಲಿ ಹುಡುಕಿದ ಹಾಗೆ.

ತಿಳಿದವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಲಿನಕ್ಸ್‌ನಲ್ಲಿ ಒಂದೇ ಹೆಸರು ಎರಡು ಕಡೆ ಇದ್ದರೆ ಲೋಡರ್ ಮೊದಲು ಸಿಕ್ಕಿದ್ದನ್ನೇ ಎಲ್ಲರಿಗೂ ಕೊಡುತ್ತದೆ, ಹಾಗಾಗಿ ಮುಖ್ಯ ಪ್ರೋಗ್ರಾಮಿನ ನಕಲೇ ಗೆಲ್ಲಬೇಕಲ್ಲ? ಸರಿ, ಹೆಸರು ಹೊರಗೆ ಕಾಣುತ್ತಿದ್ದರೆ ಹಾಗೇ ಆಗುತ್ತದೆ. ನಮ್ಮಲ್ಲಿ ಕಾಣುತ್ತಿರಲಿಲ್ಲ. ಲಿಬ್‌ರೆಕಾರ್ಡ್ ಕಟ್ಟುವ ಸಾಲಿನಲ್ಲಿ "--ಎಕ್ಸ್‌ಕ್ಲೂಡ್-ಲಿಬ್ಸ್,ಆಲ್" ಇತ್ತು. ಒಳಗೆ ಸೇರಿದ ಸ್ಟ್ಯಾಟಿಕ್ ಲೈಬ್ರರಿಗಳ ಹೆಸರುಗಳನ್ನೆಲ್ಲ ಮುಚ್ಚಿಡು ಅಂತ ಅದರ ಅರ್ಥ.

ಅದನ್ನು ಹಾಕಿದ್ದು ನಾನೇ, ಮೂರು ವರ್ಷದ ಹಿಂದೆ. ಆಗ ಎರಡು ಬೇರೆ .ಎಸ್‌ಒ ಒಳಗೆ ಝಡ್‌ಲಿಬ್ ಅನ್ನುವ ಕಂಪ್ರೆಷನ್ ಲೈಬ್ರರಿಯ ಎರಡು ಬೇರೆ ಆವೃತ್ತಿ ಸೇರಿಕೊಂಡಿದ್ದವು. ಮೊದಲು ಲೋಡ್ ಆದವನ ಫಂಕ್ಷನ್ ಇನ್ನೊಬ್ಬನಿಗೂ ಹೋಗಿ ಪ್ರೋಗ್ರಾಂ ಬಿದ್ದುಬಿಡುತ್ತಿತ್ತು. ಹೆಸರು ಮುಚ್ಚಿದರೆ ನಕಲುಗಳು ಬೇರೆ ಬೇರೆ ಉಳಿಯುತ್ತವೆ. ಝಡ್‌ಲಿಬ್‌ಗೆ ಅದು ಒಳ್ಳೆಯದು, ಅದು ತನ್ನೊಳಗೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ಬೇಕಾದ್ದೆಲ್ಲ ಕೇಳಿದವರೇ ಹಿಡಿದುಕೊಂಡಿರುತ್ತಾರೆ. ಹಾರ್ಡ್‌ವೇರ್ ಹಿಡಿದಿರುವ ಲೈಬ್ರರಿಗೆ ಅದೇ ಮದ್ದು ವಿಷವಾಯಿತು.

ಪತ್ತೆ ಮಾಡುವುದು ಕಷ್ಟವಿಲ್ಲ. ಸ್ಟ್ರಿಪ್ ಮಾಡದ ಎರಡೂ ಫೈಲುಗಳ ಮೇಲೆ ಎನ್‌ಎಂ ಓಡಿಸಿ ಒಂದೇ ವೇರಿಯಬಲ್ ಹುಡುಕಿ. ಲಾಗರ್‌ನಲ್ಲಿ ಕ್ಯಾನ್_ಹ್ಯಾಂಡಲ್‌ನ ಎಡಕ್ಕೆ ದೊಡ್ಡ ಡಿ ಇತ್ತು, ಲಿಬ್‌ರೆಕಾರ್ಡ್‌ನಲ್ಲಿ ಸಣ್ಣ ಡಿ. ಎರಡು ಕಡೆ ಕಂಡರೆ ನಕಲು ಎರಡು, ಸಣ್ಣ ಅಕ್ಷರ ಅಂದರೆ ಹೊರಗೆ ಕಾಣದ ನಕಲು. ಓಡುವಾಗ ಯಾವ ಫೈಲ್ ಯಾರಿಂದ ಏನು ತೆಗೆದುಕೊಳ್ಳುತ್ತಿದೆ ಅಂತ ನೋಡಬೇಕಿದ್ದರೆ "ಎಲ್‌ಡಿ_ಡೀಬಗ್=ಬೈಂಡಿಂಗ್ಸ್" ಅಂತ ಮುಂದೆ ಬರೆದು ಪ್ರೋಗ್ರಾಂ ಓಡಿಸಿ. ಸಾಲುಗಳ ಮಳೆಯೇ ಸುರಿಯುತ್ತದೆ, ಫೈಲಿಗೆ ಬರೆಸಿಕೊಂಡು ಗ್ರೆಪ್ ಮಾಡಿ.

ಬಗೆಹರಿಸುವ ದಾರಿಗಳು ಕೆಲವು ಇವೆ. ನನಗೆ ಒಪ್ಪಿಗೆಯಾದದ್ದು ಒಂದೇ: ನೆನಪಿಟ್ಟುಕೊಳ್ಳುವ ಲೈಬ್ರರಿ ಇಡೀ ಪ್ರೋಗ್ರಾಮಿನಲ್ಲಿ ಒಂದೇ ಕಡೆ ಇರಬೇಕು. ಪಿಕ್ ಆವೃತ್ತಿ ಸಿಕ್ಕಿತ್ತಲ್ಲ, ಅದನ್ನೇ ಪೂರ್ತಿಯಾಗಿ ಒಂದು .ಎಸ್‌ಒ ಮಾಡಿದೆವು.

ಜಿಸಿಸಿ -ಶೇರ್ಡ್ -ಒ ಲಿಬ್‌ಕ್ಯಾನ್.ಎಸ್‌ಒ -ಡಬ್ಲ್ಯೂಎಲ್,--ಹೋಲ್-ಆರ್ಕೈವ್ ಲಿಬ್‌ಕ್ಯಾನ್_ಪಿಕ್.ಎ -ಡಬ್ಲ್ಯೂಎಲ್,--ನೋ-ಹೋಲ್-ಆರ್ಕೈವ್

ಹೋಲ್-ಆರ್ಕೈವ್ ಯಾಕೆ? ಇಲ್ಲಿ ಮೇನ್ ಇಲ್ಲ, ಚೀಟಿ ಖಾಲಿ. ಖಾಲಿ ಚೀಟಿ ಹಿಡಿದವರು ಏನೂ ತರಲ್ಲ. ಅದಿಲ್ಲದಿದ್ದರೆ ಖಾಲಿ ಡಬ್ಬಿಯಂಥ .ಎಸ್‌ಒ ತಯಾರಾಗುತ್ತದೆ, ಅದೂ ಒಂದೂ ಎರರ್ ಇಲ್ಲದೆ. ತಮ್ಮನ್ನು ತಾವೇ ಪಟ್ಟಿಗೆ ಸೇರಿಸಿಕೊಳ್ಳುವ ಪ್ಲಗಿನ್ ಥರದ ಕೋಡ್ ಸ್ಟ್ಯಾಟಿಕ್ ಲೈಬ್ರರಿಯಲ್ಲಿ ಮಾಯವಾಗುವುದಕ್ಕೂ ಇದೇ ಕಾರಣ: ಹೆಸರು ಹಿಡಿದು ಯಾರೂ ಕೇಳುವುದಿಲ್ಲ. ಕೊನೆಯ ನೋ-ಹೋಲ್-ಆರ್ಕೈವ್ ಮರೆಯಬೇಡಿ. ಮರೆತರೆ ಕಂಪೈಲರ್ ತಾನಾಗಿ ಕೊನೆಗೆ ಸೇರಿಸುವ ಲೈಬ್ರರಿಗಳಿಗೂ ಅದೇ ಅನ್ವಯ ಆಗುತ್ತದೆ.

ಈಗ ಲಾಗರ್, ಲಿಬ್‌ರೆಕಾರ್ಡ್ ಎರಡೂ ಲಿಬ್‌ಕ್ಯಾನ್.ಎಸ್‌ಒ ಕೇಳಬೇಕು. ಒಂದೇ ಫೋಲ್ಡರಿನಲ್ಲಿ .ಎ ಮತ್ತು .ಎಸ್‌ಒ ಎರಡೂ ಇದ್ದರೆ -ಎಲ್‌ಕ್ಯಾನ್ ಅಂದಾಗ ಲಿಂಕರ್ .ಎಸ್‌ಒ ತೆಗೆದುಕೊಳ್ಳುತ್ತದೆ. ಸ್ಟ್ಯಾಟಿಕ್ಕೇ ಬೇಕು ಅಂದರೆ ಸಣ್ಣ -ಎಲ್ ಆದ ಮೇಲೆ ಕೋಲನ್ ಇಟ್ಟು ಪೂರ್ತಿ ಫೈಲ್ ಹೆಸರು ಬರೆಯಿರಿ. "-ಬಿಸ್ಟ್ಯಾಟಿಕ್" ಬಳಸುವವರು ಅದಾದ ಮೇಲೆ "-ಬಿಡೈನಾಮಿಕ್" ಹಾಕಿ ವಾಪಸ್ ಬರಬೇಕು. ಇಲ್ಲದಿದ್ದರೆ "ಕೆನಾಟ್ ಫೈಂಡ್ -ಎಲ್‌ಜಿಸಿಸಿ_ಎಸ್" ಅನ್ನುವ ಸಂಬಂಧವೇ ಇಲ್ಲದ ತಪ್ಪು ಬಂದು ತಲೆ ತಿನ್ನುತ್ತದೆ.

ಬಾಕಿ ಚಿಲ್ಲರೆ

ಶನಿವಾರದ ಉಳಿದ ತಪ್ಪುಗಳು ಬೇಗ ಮುಗಿದವು.

ಹುಡುಗ ಲಿಬ್‌ರೆಕಾರ್ಡ್ ಸಾಲಿನಿಂದ .ಎ ತೆಗೆದ, ಬದಲಿಗೆ -ಎಲ್‌ಕ್ಯಾನ್ ಸೇರಿಸುವುದು ಮರೆತ. ಆದರೂ ಲಿಬ್‌ರೆಕಾರ್ಡ್ ಬಿಲ್ಡ್ ಆಯಿತು! .ಎಸ್‌ಒ ಕಟ್ಟುವಾಗ ಹೆಸರು ಸಿಗದಿದ್ದರೂ ಲಿಂಕರ್ ಸುಮ್ಮನಿರುತ್ತದೆ, ಓಡುವಾಗ ಯಾರೋ ಕೊಡುತ್ತಾರೆ ಅಂತ. ನಮ್ಮ ಎಲ್ಲ .ಎಸ್‌ಒ ಸಾಲುಗಳಿಗೂ ಅವತ್ತೇ "-ಡಬ್ಲ್ಯೂಎಲ್,-ಝಡ್,ಡೆಫ್ಸ್" ಹಾಕಿಸಿದೆ. ಇದಿದ್ದರೆ ಕೊರತೆ ನಮ್ಮ ಮೇಜಿನ ಮೇಲೆಯೇ ಕಾಣುತ್ತದೆ, ಗ್ರಾಹಕರ ಮೇಜಿನ ಮೇಲಲ್ಲ.

ಆಮೇಲೆ "ಡಿಎಸ್‌ಒ ಮಿಸ್ಸಿಂಗ್ ಫ್ರಮ್ ಕಮಾಂಡ್ ಲೈನ್". ಡಿಎಸ್‌ಒ ಅಂದರೆ ಶೇರ್ಡ್ ಲೈಬ್ರರಿಯೇ. ಲಾಗರ್ ಸಾಲಿನಲ್ಲಿ ಬರೀ -ಎಲ್‌ರೆಕಾರ್ಡ್ ಇತ್ತು. ಲಿಬ್‌ರೆಕಾರ್ಡ್ ಹೇಗೂ ಲಿಬ್‌ಕ್ಯಾನ್ ಎಳೆದು ತರುತ್ತದಲ್ಲ ಅಂತ ಅವನ ಲೆಕ್ಕ. ಲಿಂಕರ್ ಇರುವ ಪ್ಯಾಕೇಜ್ ಬಿನ್‌ಯುಟಿಲ್ಸ್, ಅದರ 2.22 ರಿಂದ ಆ ಲೆಕ್ಕ ನಡೆಯಲ್ಲ. ನೀವು ನೇರವಾಗಿ ಕರೆಯುವ ಲೈಬ್ರರಿಯ ಹೆಸರನ್ನು ನೀವೇ ಹೇಳಬೇಕು.

ಕೊನೆಗೆ "ಮಲ್ಟಿಪಲ್ ಡೆಫಿನಿಷನ್ ಆಫ್ ಕ್ಯಾನ್_ಡೀಬಗ್". ಕಾರ್ಡಿನವರ ಉದಾಹರಣೆಯಿಂದ ಎರಡು ಸಿ ಫೈಲ್ ಹುಡುಗ ಎತ್ತಿಕೊಂಡಿದ್ದ. ಎರಡೂ ಇನ್‌ಕ್ಲೂಡ್ ಮಾಡುವ ಹೆಡರಿನಲ್ಲಿ ಎಕ್ಸ್‌ಟರ್ನ್ ಇಲ್ಲದೆ ಬರೀ "ಇಂಟ್ ಕ್ಯಾನ್_ಡೀಬಗ್;" ಅಂತ ಇತ್ತು. 2020 ರ ಜಿಸಿಸಿ 10 ಬರುವ ತನಕ ಸಿ ಕಂಪೈಲರ್ ಇಂಥ ಎರಡನ್ನು ಒಂದು ಮಾಡಿ ಬಿಡುತ್ತಿತ್ತು. ಈಗ "ನೋ-ಕಾಮನ್" ತಾನಾಗಿಯೇ ಚಾಲೂ, ಹಾಗಾಗಿ ತಪ್ಪು. ಹೆಡರಿನಲ್ಲಿ ಎಕ್ಸ್‌ಟರ್ನ್, ಒಂದು ಸಿ ಫೈಲಿನಲ್ಲಿ ನಿಜವಾದ ವೇರಿಯಬಲ್. "ಅಲೋ-ಮಲ್ಟಿಪಲ್-ಡೆಫಿನಿಷನ್" ಫ್ಲ್ಯಾಗ್ ಹಾಕಿ ಬಾಯಿ ಮುಚ್ಚಿಸುವುದು ಸುಲಭ. ನಾನು ಯಾರಿಗೂ ಹೇಳಿಕೊಡಲ್ಲ.

ಸಮಯದ ಕಾಲಂ ತುಂಬಿತು. ಭಾನುವಾರ ರಾತ್ರಿ ನಾನು ಪುಣೆಯ ಬಸ್ ಹತ್ತಿದೆ.

ಭೋಸರಿಯಲ್ಲಿ

ಸೋಮವಾರ ಹನ್ನೊಂದು ಗಂಟೆಗೆ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಹಾಕಿ ಓಡಿಸಿದೆವು. "../ಲಿಬ್/ಲಿಬ್‌ಕ್ಯಾನ್.ಎಸ್‌ಒ: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್".

ಫೈಲ್ ಲಾಗರ್ ಪಕ್ಕದಲ್ಲೇ ಇತ್ತು. ಲಿಂಕ್ ಮಾಡುವಾಗ ಕೊಡುವ ದೊಡ್ಡ ಎಲ್ ಪಾತ್ ಲಿಂಕರ್‌ಗೆ ಮಾತ್ರ, ಪ್ರೋಗ್ರಾಂ ಒಳಗೆ ಬರೆದುಕೊಳ್ಳುವುದಿಲ್ಲ. ಪಕ್ಕದಲ್ಲೇ ಹುಡುಕು ಅನ್ನಲು "-ಡಬ್ಲ್ಯೂಎಲ್,-ಆರ್‌ಪಾತ್,$ಒರಿಜಿನ್" ಬೇಕು. ಶೆಲ್‌ನಲ್ಲಿ ಅದನ್ನು ಒಂಟಿ ಕೋಟ್ ಒಳಗೆ ಇಡಿ, ಮೇಕ್‌ಫೈಲಿನಲ್ಲಿ ಡಾಲರ್ ಎರಡು ಸಲ. ಇಲ್ಲದಿದ್ದರೆ ಡಾಲರ್ ಜೊತೆಗಿನ ಪದ ಅಲ್ಲೇ ಕರಗಿಹೋಗುತ್ತದೆ. ಉಬುಂಟುವಿನಲ್ಲಿ ಇದು ರನ್‌ಪಾತ್ ಆಗಿ ಕೂರುತ್ತದೆ. ರನ್‌ಪಾತ್ ನೇರ ಅವಲಂಬನೆಗೆ ಮಾತ್ರ, ಲೈಬ್ರರಿಯ ಲೈಬ್ರರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಲಿಬ್‌ರೆಕಾರ್ಡ್ ಕಟ್ಟುವಾಗಲೂ ಅದನ್ನು ಹಾಕಬೇಕು.

ಆದರೆ ಆ "../ಲಿಬ್/" ಎಲ್ಲಿಂದ ಬಂತು? ರೀಡ್‌ಎಲ್ಫ್ ಮೈನಸ್ ಸಣ್ಣ ಡಿ ಓಡಿಸಿದರೆ "ನೀಡೆಡ್" ಸಾಲುಗಳು ಕಾಣುತ್ತವೆ. ಅಲ್ಲಿ ಪಾತ್ ಸಮೇತ ಬರೆದಿತ್ತು. ನಾವು ಕಟ್ಟಿದ ಲಿಬ್‌ಕ್ಯಾನ್.ಎಸ್‌ಒ ಗೆ ಎಸ್‌ಒನೇಮ್ (ಲೈಬ್ರರಿ ತನ್ನೊಳಗೆ ಬರೆದಿಟ್ಟುಕೊಳ್ಳುವ ತನ್ನ ಹೆಸರು) ಕೊಟ್ಟಿರಲಿಲ್ಲ, ಹುಡುಗ ಅದನ್ನು -ಎಲ್ ಬದಲು ಪಾತ್ ಹಾಕಿ ಲಿಂಕ್ ಮಾಡಿದ್ದ. ಎಸ್‌ಒನೇಮ್ ಇಲ್ಲದಿದ್ದರೆ ಲಿಂಕರ್ ಕೊಟ್ಟ ಪಾತನ್ನೇ ಹೆಸರು ಅಂತ ಬರೆದುಕೊಳ್ಳುತ್ತದೆ, ಹೆಸರಿನಲ್ಲಿ ಓರೆ ಗೀಟು (/) ಇದ್ದರೆ ಲೋಡರ್ ರನ್‌ಪಾತ್ ಕಡೆ ನೋಡುವುದೇ ಇಲ್ಲ. "-ಡಬ್ಲ್ಯೂಎಲ್,-ಎಸ್‌ಒನೇಮ್,ಲಿಬ್‌ಕ್ಯಾನ್.ಎಸ್‌ಒ" ಸೇರಿಸಿ ಲ್ಯಾಪ್‌ಟಾಪಿನಲ್ಲಿ ಮತ್ತೆ ಕಟ್ಟಿದೆವು. ಎಲ್‌ಡಿಡಿ ಕೂಡ ಇದನ್ನೆಲ್ಲ ತೋರಿಸುತ್ತದೆ, ಆದರೆ ಗುರುತಿಲ್ಲದವರು ಕೊಟ್ಟ ಫೈಲಿನ ಮೇಲೆ ಓಡಿಸಬೇಡಿ. ಕೆಲವು ಸಲ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು.

ಮತ್ತೆ ಓಡಿಸಿದೆವು. "ವರ್ಷನ್ ಜಿಲಿಬ್‌ಸಿ_2.34 ನಾಟ್ ಫೌಂಡ್".

ಹುಡುಗ ನನ್ನ ಮುಖ ನೋಡಿದ. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ. ನಮ್ಮ ಮಷೀನ್ ಉಬುಂಟು 22.04, ಜಿಲಿಬ್‌ಸಿ 2.35. ಅವರದು 20.04, ಜಿಲಿಬ್‌ಸಿ 2.31. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆ ಅನ್ನುವ ಭರವಸೆ ಇಲ್ಲ. 2021 ರಲ್ಲಿ ಬಂದ 2.34 ದೊಡ್ಡ ಗೆರೆ. ಪಿಥ್ರೆಡ್, ಡಿಎಲ್ ಥರದ ಕೆಲವು ಬೇರೆ ಲೈಬ್ರರಿಗಳನ್ನು ಅದರಲ್ಲಿ ಮುಖ್ಯ ಲಿಬ್‌ಸಿ ಒಳಗೆ ಸೇರಿಸಿದರು. ಪ್ರೋಗ್ರಾಂ ಶುರು ಮಾಡುವ ಫಂಕ್ಷನ್‌ಗೂ ಅದೇ ಆವೃತ್ತಿಯ ಗುರುತು ಬಿತ್ತು. ಹಾಗಾಗಿ ಹೊಸ ಮಷೀನಿನಲ್ಲಿ ಕಟ್ಟಿದ ಎರಡು ಸಾಲಿನ ಪ್ರೋಗ್ರಾಂ ಕೂಡ 2.34 ಕೇಳುತ್ತದೆ.

"ಪೂರಾ ಸ್ಟ್ಯಾಟಿಕ್ ಮಾಡಿಬಿಡೋಣೇನ್ರಿ?" ಅಂದ. ಬೇಡ ಅಂದೆ. ನಮ್ಮ ಲಾಗರ್ ನೆಟ್‌ವರ್ಕ್ ಹೆಸರುಗಳನ್ನು ಹುಡುಕುತ್ತದೆ. ಜಿಲಿಬ್‌ಸಿಯ ಆ ಭಾಗ ಸ್ಟ್ಯಾಟಿಕ್ ಆಗಿ ಕಟ್ಟಿದರೂ ಓಡುವಾಗ ಅದೇ ಆವೃತ್ತಿಯ ಶೇರ್ಡ್ ಲೈಬ್ರರಿ ಕೇಳುತ್ತದೆ, ಲಿಂಕರ್ ಅದಕ್ಕೆ ಎಚ್ಚರಿಕೆಯನ್ನೂ ಕೊಡುತ್ತದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಿಸಳ್ ತಿನ್ನುತ್ತಾ, ಲ್ಯಾಪ್‌ಟಾಪಿನಲ್ಲಿ ಉಬುಂಟು 20.04 ರ ಡಾಕರ್ ಕಂಟೇನರ್ (ಮಷೀನಿನೊಳಗೇ ಓಡುವ ಪ್ರತ್ಯೇಕ ಪುಟ್ಟ ಲಿನಕ್ಸ್) ಇಳಿಸಿ ಮೂರೂ ತುಂಡುಗಳನ್ನು ಅದರೊಳಗೆ ಮೊದಲಿಂದ ಕಟ್ಟಿದೆವು. ಅಲ್ಲಿರುವುದು ಜಿಸಿಸಿ 9. ಶನಿವಾರದ ಕ್ಯಾನ್_ಡೀಬಗ್ ತಪ್ಪು ಅಲ್ಲಿ ಹುಟ್ಟುತ್ತಲೇ ಇರಲಿಲ್ಲ, ಮುಂದೆ ಯಾವತ್ತೋ ಕಾಡುತ್ತಿತ್ತು. ಅದಕ್ಕೇ ಈಗ ಎರಡೂ ಕಡೆ ಬಿಲ್ಡ್ ಮಾಡಿಸುತ್ತೇನೆ.

ಮಧ್ಯಾಹ್ನ ಎರಡೂವರೆಗೆ ಎಂಜಿನ್ ಶುರುವಾಯಿತು, ಫೈಲ್ ತುಂಬತೊಡಗಿತು. ಪೆನ್‌ಡ್ರೈವ್‌ಗೆ ಹಾಕುವ ಮೊದಲು ಹುಡುಗ ಈಗ ಮೂರೂ ಫೈಲುಗಳ ಮೇಲೆ "ಆಬ್ಜ್‌ಡಂಪ್ -ಟಿ | ಗ್ರೆಪ್ ಜಿಲಿಬ್‌ಸಿ_" ಹೊಡೆದು ಎಲ್ಲಕ್ಕಿಂತ ದೊಡ್ಡ ನಂಬರ್ ಬರೆದಿಡುತ್ತಾನೆ. ಅದರಲ್ಲಿ ಟಿ ದೊಡ್ಡದು. ಜಿಪ್‌ನಲ್ಲಿದ್ದ ಆ ಫೋಲ್ಡರಿಗೆ ನಮ್ಮ ಸರ್ವರ್‌ನಲ್ಲಿ ಈಗ "ಪಿಕ್_ಫೋಟೋ_ಅಲ್ಲ" ಅಂತ ಹೆಸರು.